ಬಿದ್ದ ಕ್ಯಾಮೆರಾಗೆ ಇನ್ಶೂರೆನ್ಸ್ ಹಣ ಬರುವ ತನಕ

ಕ್ಲೇಮಿನ ಹಣ ಮೊನ್ನೆ ನನ್ನ ಖಾತೆಗೆ ಬಂತು. ಕ್ಯಾಮೆರಾ ಬಿದ್ದದ್ದು ಮೇ ತಿಂಗಳ ಒಂದು ಮದುವೆಯಲ್ಲಿ. ಹಣ ಬರುವಾಗ ನಮ್ಮ ಮಳೆಯ ತಿಂಗಳು ಕಕ್ಕಡ ಮುಗಿದು, ಸೆಪ್ಟೆಂಬರ್ ಮೊದಲಿನ ಕೈಲ್ ಮುಹೂರ್ತ ಹಬ್ಬವೂ ಕಳೆದಿತ್ತು. ಈ ನಡುವೆ ನಮ್ಮ ಕೊಡಗು ಜಿಲ್ಲೆಯ ಎಷ್ಟೋ ಫೋಟೊಗ್ರಾಫರ್ ಗೆಳೆಯರಿಗೆ ಫೋನ್ ಮಾಡಿ ಕೇಳಿದೆ. ಕೆಲವರು ಪಾಲಿಸಿ ಮಾಡಿಸಿದ್ದಾರೆ, ಕ್ಲೇಮ್ ಮಾಡಿಲ್ಲ. ಹೆಚ್ಚಿನವರು ಹೇಳಿದ್ದು ಒಂದೇ ಮಾತು: "ಅದೆಲ್ಲ ಸಿಗಲ್ಲ ಬಿಡಿ." ಸಿಗುತ್ತದೆ. ಆದರೆ ಕ್ಯಾಮೆರಾ ಬಿದ್ದ ಮೇಲೆ ಓಡಾಡಿದ್ದಕ್ಕಿಂತ ಜಾಸ್ತಿ, ಅದು ಬೀಳುವ ಮೊದಲೇ ಮನೆಯಲ್ಲಿದ್ದ ಕಾಗದಗಳು ನನ್ನ ಕೈ ಹಿಡಿದವು. ಯಾವ ಕಾಗದ, ಯಾವ ಹಂತದಲ್ಲಿ ಕೆಲಸಕ್ಕೆ ಬಂತು ಅನ್ನೋದನ್ನ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ವಿರಾಜಪೇಟೆ ಕಡೆಯ ಕೊಡವ ಮದುವೆ. ಮಧ್ಯಾಹ್ನ ಗುಡುಗು ಮಳೆ ಹೊಡೆದು ನಿಂತಿತ್ತು. ಸಂಜೆ ಗಂಗಾಪೂಜೆ. ಕೊಡವ ಮದುವೆ ತೆಗೆದವರಿಗೆ ಇದು ಗೊತ್ತು. ಮದುಮಗಳು ಬಾವಿಯಿಂದ ನೀರು ತುಂಬಿಸಿ ಕೊಡ ತಲೆ ಮೇಲೆ ಇಟ್ಟುಕೊಂಡು ಬರುತ್ತಾಳೆ. ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ಅವಳ ದಾರಿಗೆ ಅಡ್ಡ ನಿಲ್ಲುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಬಂದರೆ ಮತ್ತೆ ಅರ್ಧ ಗಂಟೆ ಕುಣಿತ. ಮದುವೆಯ ಒಳ್ಳೆಯ ಮುಖಗಳೆಲ್ಲ ಸಿಗುವುದು ಆ ಹೊತ್ತಲ್ಲೇ. ಹಾಗಾಗಿ ಫೋಟೊಗ್ರಾಫರ್ ಕೂಡ ಆ ಗುಂಪಿನೊಳಗೇ ಇರಬೇಕು.

ಬಾವಿಕಟ್ಟೆ ಹತ್ತಿರ ಕುಣಿಯುತ್ತಿದ್ದ ಹಿರಿಯರೊಬ್ಬರು ಒದ್ದೆ ಕಲ್ಲಿನ ಮೇಲೆ ಜಾರಿ ನನ್ನ ಮೇಲೆ ಬಿದ್ದರು. ಅವರಿಗೆ ಏನೂ ಆಗಲಿಲ್ಲ, ಅದು ದೊಡ್ಡದು. ಕ್ಯಾಮೆರಾದ ಪಟ್ಟಿಯ ಕೊಂಡಿ ಕಿತ್ತು, 70-200 ಜೂಮ್ ಲೆನ್ಸ್ ಸಮೇತ ಬಾಡಿ ಕಲ್ಲಿನ ಅಂಚಿಗೆ ಬಿತ್ತು. ಎತ್ತಿ ನೋಡಿದರೆ ಲೆನ್ಸ್ ನೇರವಾಗಿ ಕೂತಿರಲಿಲ್ಲ. ಲೆನ್ಸ್ ಬಾಡಿಗೆ ಕೂರುವ ಉಂಗುರ, ಅಂದರೆ ಮೌಂಟ್, ಬಾಗಿತ್ತು. ಹೊಟ್ಟೆಯೊಳಗೆ ತಣ್ಣಗಾಯಿತು. ಆದರೆ ಮದುಮಗಳು ಇನ್ನೂ ದಾರಿಯಲ್ಲೇ ನಿಂತಿದ್ದಾಳೆ, ವಾಲಗ ನಿಂತಿಲ್ಲ. ಎರಡನೇ ಬಾಡಿ ಹೆಗಲಲ್ಲಿತ್ತು, ಅದರಲ್ಲೇ ಮುಂದುವರಿಸಿದೆ. ಬಿದ್ದ ಬಾಡಿಯಲ್ಲಿ ಎರಡು ಕಾರ್ಡ್‌ಗೂ ಒಟ್ಟಿಗೆ ಬರೆಯುವಂತೆ ಇಟ್ಟಿದ್ದರಿಂದ ಬೆಳಗ್ಗಿನ ಒಂದು ಫೋಟೊ ಕೂಡ ಹೋಗಲಿಲ್ಲ.

ಆ ರಾತ್ರಿ ಮಾಡಿದ ಎರಡು ಕೆಲಸ ಆಮೇಲೆ ತುಂಬಾ ಉಪಯೋಗಕ್ಕೆ ಬಂದವು. ಒಂದು, ಬಾಗಿದ ಲೆನ್ಸನ್ನು ಬಾಡಿಯಿಂದ ಬಿಡಿಸಲಿಲ್ಲ, ಆನ್ ಮಾಡಿ ನೋಡಲೂ ಇಲ್ಲ. ಬಲವಂತ ಮಾಡಿದರೆ ಮೌಂಟಿನ ಒಳಗಿನ ಪಿನ್‌ಗಳು ಮುರಿಯಬಹುದು. ಆಗ ಯಾವುದು ಬಿದ್ದು ಆದದ್ದು, ಯಾವುದು ಕೈಯಿಂದ ಆದದ್ದು ಅಂತ ಹೇಳೋಕೆ ಆಗಲ್ಲ. ಎರಡು, ಮೊಬೈಲಲ್ಲಿ ಎಲ್ಲ ಕೋನದಿಂದ ಫೋಟೊ ತೆಗೆದೆ. ಬಾಡಿ ಮತ್ತು ಲೆನ್ಸಿನ ಸೀರಿಯಲ್ ನಂಬರ್, ಬಾವಿಕಟ್ಟೆಯ ಕಲ್ಲು, ಕಿತ್ತ ಪಟ್ಟಿ, ಎಲ್ಲವನ್ನೂ.

ಈಗ ಪಾಲಿಸಿ ವಿಷಯ. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ನಮ್ಮ ಕಡೆ ಹಲವು ಸ್ಟುಡಿಯೋಗಳಲ್ಲಿ ಇರುವುದು ಅಂಗಡಿ ಪಾಲಿಸಿ. ಬ್ಯಾಂಕ್ ಸಾಲ ತೆಗೆದುಕೊಂಡಾಗ ಬ್ಯಾಂಕಿನವರೇ ಮಾಡಿಸಿರುತ್ತಾರೆ. ಬೆಂಕಿ, ಕಳ್ಳತನ, ನೆರೆ ಅಂತ ಅಂಗಡಿಯೊಳಗಿನ ಸಾಮಾನಿಗೆ ಅದು ಸರಿ. ಆದರೆ ಮದುವೆ ಮನೆಯಲ್ಲಿ ಬಿದ್ದ ಕ್ಯಾಮೆರಾಗೆ ಅದರಿಂದ ಸಾಮಾನ್ಯವಾಗಿ ಒಂದು ರೂಪಾಯಿಯೂ ಬರಲ್ಲ. ನಮಗೆ ಬೇಕಾದದ್ದು ಹೊರಗೆ ಒಯ್ಯುವ ಉಪಕರಣಗಳಿಗೆ ಇರುವ 'ಆಲ್ ರಿಸ್ಕ್' ಪಾಲಿಸಿ, ಇಲ್ಲವೇ ಎಲೆಕ್ಟ್ರಾನಿಕ್ ಉಪಕರಣದ ಪಾಲಿಸಿಗೆ 'ಪೋರ್ಟಬಲ್' ಅಂತ ಸೇರಿಸಿದ ರಕ್ಷಣೆ. ಪಾಲಿಸಿಯ ಷೆಡ್ಯೂಲ್ ಪುಟದಲ್ಲಿ ಜಾಗದ ಹತ್ತಿರ ಸ್ಟುಡಿಯೋ ವಿಳಾಸ ಮಾತ್ರ ಇದೆಯೋ, ಭಾರತದಾದ್ಯಂತ ಅಂತ ಇದೆಯೋ ನೋಡಿ. ನನ್ನದರಲ್ಲಿ ಭಾರತದಾದ್ಯಂತ ಅಂತಿತ್ತು. ಪ್ರತಿ ಬಾಡಿ, ಪ್ರತಿ ಲೆನ್ಸ್ ಸೀರಿಯಲ್ ನಂಬರ್ ಸಮೇತ ಬೇರೆ ಬೇರೆ ಸಾಲಲ್ಲಿ, ಬೇರೆ ಬೇರೆ ಮೊತ್ತದಲ್ಲಿ ಇತ್ತು. 'ಕ್ಯಾಮೆರಾ ಸಾಮಾನು' ಅಂತ ಒಟ್ಟಾಗಿ ಬರೆಸಬೇಡಿ. ವರ್ಷಕ್ಕೆ ನಾನು ಕಟ್ಟುತ್ತಿದ್ದದ್ದು ತೆರಿಗೆ ಸೇರಿ ಹತ್ತು ಸಾವಿರದ ಹತ್ತಿರ.

ಮಾರನೇ ದಿನ ಬೆಳಗ್ಗೆ ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದೆ. ಕ್ಲೇಮ್ ನಂಬರ್ ಕೊಟ್ಟರು. ಅಷ್ಟಕ್ಕೆ ಬಿಡಲಿಲ್ಲ, ಅದೇ ವಿಷಯವನ್ನು ಇಮೇಲಲ್ಲೂ ಬರೆದು ಕಳಿಸಿದೆ: ದಿನ, ಹೊತ್ತು, ಜಾಗ, ಏನಾಯಿತು, ಯಾವ ಸೀರಿಯಲ್ ನಂಬರ್. ಫೋನಲ್ಲಿ ಆಡಿದ್ದು ಫೋನಲ್ಲೇ ಉಳಿಯುತ್ತದೆ. ಇಮೇಲ್‌ಗೆ ತಾರೀಕು ಇರುತ್ತದೆ, ಆ ತಾರೀಕು ಮುಂದೆ ಜುಲೈನಲ್ಲಿ ನನಗೆ ಬೇಕಾಯಿತು.

ಐಆರ್‌ಡಿಎಐ (ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ) 2024ರಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಹಾನಿ ಅಳೆಯುವ ಸರ್ವೇಯರನ್ನು ನೇಮಿಸಬೇಕು. ಸರ್ವೇಯರ್ 15 ದಿನದೊಳಗೆ ವರದಿ ಕೊಡಬೇಕು. ವರದಿ ಸಿಕ್ಕ 7 ದಿನದೊಳಗೆ ಕಂಪನಿ ತೀರ್ಮಾನ ಮಾಡಬೇಕು. ಕೇಳಲು ಚೆನ್ನಾಗಿದೆ. ಸರ್ವೇಯರ್ ನೇಮಕ ಬೇಗನೇ ಆಯಿತು, ಅದು ನಿಜ. ಆದರೆ ರಿಪೇರಿ ಅಂದಾಜು ಬರದೆ ವರದಿ ಕೊಡಲ್ಲ ಅಂದರು. ಅಂದಾಜು ಕೊಡಬೇಕಾದ ಸರ್ವಿಸ್ ಸೆಂಟರ್ ಬೆಂಗಳೂರಲ್ಲಿ. ಕೊಡಗಿನವರಿಗೆ ಕಷ್ಟ ಶುರುವಾಗುವುದೇ ಇಲ್ಲಿ.

ಸರ್ವೇಯರ್ ಮೈಸೂರಿನವರು. ಸಭ್ಯ ಮನುಷ್ಯ, ಮಾತು ಕಡಿಮೆ. ಮಡಿಕೇರಿಗೆ ಬೇರೆ ಕೆಲಸಕ್ಕೆ ಬಂದವರು ಸ್ಟುಡಿಯೋಗೂ ಬಂದರು. ಕ್ಯಾಮೆರಾ ಬಿದ್ದ ದಿನ ಹೇಗಿತ್ತೋ ಹಾಗೇ ಇದೆ ಅಂದದ್ದು ಅವರಿಗೆ ಹಿಡಿಸಿತು. ರಿಪೇರಿ ಮಾಡಿಸಿಬಿಟ್ಟು ಬಿಲ್ ಹಿಡಿದು ಬರುವವರು ಜಾಸ್ತಿಯಂತೆ. ಸರ್ವೇ ಆಗುವ ತನಕ ಸ್ಕ್ರೂ ಕೂಡ ಬಿಚ್ಚಿಸಬೇಡಿ.

ಅವರು ಕೇಳಿದ ಮೊದಲ ಪ್ರಶ್ನೆ ನಾನು ಯೋಚಿಸಿಯೇ ಇರದ ಪ್ರಶ್ನೆ. "ಬೀಳೋ ಮೊದ್ಲು ಇದು ಕೆಲಸ ಮಾಡ್ತಿತ್ತು ಅನ್ನೋಕೆ ಏನಿದೆ ಸರ್?"

ನಾನು ಕಂಪ್ಯೂಟರ್ ಆನ್ ಮಾಡಿ ಆ ದಿನದ ಫೋಲ್ಡರ್ ತೆರೆದೆ. ಕೊನೆಯ ಫ್ರೇಮ್ ಇನ್ನೂ ಇತ್ತು. ಪೂರ್ತಿ ವಾಲಿದ ಚಿತ್ರ. ಒಂದು ಮೂಲೆಯಲ್ಲಿ ಮದುಮಗಳ ಕೆಂಪು ಸೀರೆಯ ಅಂಚು, ನಡುವೆ ಯಾರದೋ ಕುಪ್ಯಚೇಲೆಯ (ಕೊಡವ ಗಂಡಸರ ನಿಲುವಂಗಿ) ತೋಳು, ಕೆಳಗೆ ಒದ್ದೆ ಕಲ್ಲು ಹೊಳೆಯುತ್ತಿದೆ. ಜಾರಿ ಬೀಳುವ ಹೊತ್ತಲ್ಲಿ ಬೆರಳು ಶಟರ್ ಮೇಲೇ ಇತ್ತು. ಆ ಫೈಲಿನ ಮಾಹಿತಿ ತೆರೆದರೆ ಬಾಡಿಯ ಸೀರಿಯಲ್ ನಂಬರ್, ಲೆನ್ಸಿನ ಹೆಸರು, ಸೆಕೆಂಡಿನವರೆಗೆ ಸಮಯ. ಅದರ ಹಿಂದಿನ ಫ್ರೇಮ್ ಚೂಪಾಗಿ, ಫೋಕಸ್ ಸರಿಯಾಗಿ ಬಂದಿದೆ. ನಮ್ಮ ವಿಡಿಯೋ ಹುಡುಗನ ಕ್ಯಾಮೆರಾದಲ್ಲೂ ಆ ಹಿರಿಯರು ಜಾರಿದ್ದು ದಾಖಲಾಗಿತ್ತು. ಮದುವೆ ದಿನ ಬೆಳಗ್ಗೆ ಎಲ್ಲ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯಕ್ಕೆ ಇಡುವುದು ನಮ್ಮ ರೂಢಿ, ಎಡಿಟಿಂಗಿಗೆ ಸುಲಭ ಅಂತ. ಫೋಟೊದ ಸಮಯಕ್ಕೂ ವಿಡಿಯೋದ ಸಮಯಕ್ಕೂ ಸರಿಹೊಂದಿತು. ಸರ್ವೇಯರ್ ಎರಡೂ ಫೈಲುಗಳನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡರು. ಆಮೇಲೆ ಆ ಪ್ರಶ್ನೆ ಮತ್ತೆ ಬರಲೇ ಇಲ್ಲ.

ಹಾಗಾಗಿ ಇದೊಂದು ಮಾತು. ಗ್ರಾಹಕರಿಗೆ ಫೋಟೊ ಕೊಟ್ಟ ಮೇಲೂ ಮೂಲ ಫೈಲುಗಳನ್ನು ಅಳಿಸಬೇಡಿ, ಕೆಟ್ಟ ಫ್ರೇಮುಗಳನ್ನೂ ಇಡಿ. ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡುವಾಗ ಈ ಮಾಹಿತಿ ಹೋಗಿಬಿಡಬಹುದು, ಮೂಲ ಫೈಲಲ್ಲಿ ಉಳಿಯುತ್ತದೆ. ಬಾಡಿಯ ಸೀರಿಯಲ್ ನಂಬರನ್ನು ಹೆಚ್ಚಿನ ಕ್ಯಾಮೆರಾಗಳು ಬರೆಯುತ್ತವೆ. ನಿಮ್ಮದು ಬರೆಯುತ್ತದೆಯೇ ಅಂತ ಇವತ್ತೇ ಒಂದು ಫೈಲ್ ತೆರೆದು ನೋಡಿ.

ಸರ್ವೇಯರ್ ಕೊಟ್ಟ ಕಾಗದದ ಪಟ್ಟಿ ಹೀಗಿತ್ತು: ತುಂಬಿದ ಕ್ಲೇಮ್ ಫಾರ್ಮ್, ಪಾಲಿಸಿ ಪ್ರತಿ, ಖರೀದಿ ಬಿಲ್, ರಿಪೇರಿ ಅಂದಾಜು, ಹಾನಿಯ ಫೋಟೊ, ಘಟನೆಯ ವಿವರ ಬರೆದ ಸಹಿ ಮಾಡಿದ ಪತ್ರ, ಪ್ಯಾನ್, ಆಧಾರ್, ಕ್ಯಾನ್ಸಲ್ ಮಾಡಿದ ಚೆಕ್. ಆ ಮದುವೆಯ ಕೆಲಸ ನನ್ನದೇ ಅನ್ನಲು ಮುಂಗಡದ ರಸೀದಿ. ರಸೀದಿ ಪುಸ್ತಕದಲ್ಲಿ ಮದುವೆ ದಿನ, ಜಾಗ, ಕೊಟ್ಟ ಮುಂಗಡ ಬರೆದು ಗ್ರಾಹಕರ ಸಹಿ ಹಾಕಿಸುವ ಅಭ್ಯಾಸ ನಮ್ಮ ತಂದೆಯ ಕಾಲದ್ದು. ಗೊತ್ತಿದ್ದವರ ಮನೆ ಮದುವೆ ಅಂತ ಬಾಯಿ ಮಾತಲ್ಲಿ ಒಪ್ಪಿಕೊಳ್ಳುವವರು ಇಲ್ಲಿ ತುಂಬಾ ಜನ. ಅವರೂ ಒಂದು ರಸೀದಿ ಬರೆಯಲಿ.

ಬಿಲ್ಲಿನಲ್ಲಿ ಎರಡು ತೊಡಕು ಬಂತು. ಲೆನ್ಸಿನ ಬಿಲ್ ಶಾಖಕ್ಕೆ ಅಚ್ಚಾಗುವ ಆ ನುಣುಪು ಕಾಗದದ್ದು. ನಮ್ಮ ತೇವಕ್ಕೆ ಅಕ್ಷರವೆಲ್ಲ ಮಾಸಿ, ಅಂಗಡಿ ಹೆಸರು ಮಾತ್ರ ಕಾಣುತ್ತಿತ್ತು. ಮೊಬೈಲಲ್ಲಿ ತೆಗೆದಿಟ್ಟ ಅದರ ಚಿತ್ರ ಇತ್ತು. ಆದರೆ ಅದು ಸಾಲದು ಅಂದರು. ಬಿಲ್ ನಂಬರ್ ಗೊತ್ತಿದ್ದರಿಂದ ಮೈಸೂರಿನ ಅಂಗಡಿಯವರು ಕಂಪ್ಯೂಟರಿನಿಂದ ಮತ್ತೊಂದು ಪ್ರತಿ ತೆಗೆದು, ಸೀಲು ಹಾಕಿ ಕೊಟ್ಟರು. ಪುಣ್ಯಕ್ಕೆ ಹಳೆಯ ಲೆಕ್ಕ ಅವರಲ್ಲಿತ್ತು. ಅಂಗಡಿ ಮುಚ್ಚಿದ್ದರೆ ಏನು ಮಾಡುತ್ತಿದ್ದೆ ಅಂತ ಇವತ್ತಿಗೂ ಯೋಚನೆ ಬರುತ್ತದೆ. ಅಂಥ ಬಿಲ್ಲುಗಳನ್ನು ತಂದ ದಿನವೇ ಜೆರಾಕ್ಸ್ ಮಾಡಿಸಿ, ಅಂಗಡಿಯವರಿಂದ ಪಿಡಿಎಫ್ ಕೂಡ ಕೇಳಿ ಇಟ್ಟುಕೊಳ್ಳಿ.

ಇನ್ನೊಂದು ತೊಡಕು ಹೆಸರಿನದು. ಬಿಲ್ ಸ್ಟುಡಿಯೋ ಹೆಸರಲ್ಲಿ, ಪಾಲಿಸಿ ನನ್ನ ಹೆಸರಲ್ಲಿ. ಎರಡೂ ನಾನೇ. ಇಡೀ ಊರಿಗೆ ಗೊತ್ತು, ಆದರೆ ಫೈಲಿಗೆ ಗೊತ್ತಿಲ್ಲ ಅಲ್ವಾ. ಇಲ್ಲಿ ಉದ್ಯಮ್ ಪ್ರಮಾಣಪತ್ರ ಕೆಲಸಕ್ಕೆ ಬಂತು. ಅದರಲ್ಲಿ ಸ್ಟುಡಿಯೋ ಹೆಸರು, ಮಾಲೀಕನ ಹೆಸರು ಎರಡೂ ಒಂದೇ ಪುಟದಲ್ಲಿ ಇರುತ್ತವೆ. ಸಣ್ಣ ಉದ್ಯಮಗಳಿಗೆ 2020ರ ಜುಲೈಯಿಂದ ಇರುವ ಸರ್ಕಾರದ ನೋಂದಣಿ ಇದು. ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನಲ್ಲೇ ಆಗುತ್ತದೆ, ಸರ್ಕಾರಕ್ಕೆ ಒಂದು ಪೈಸೆ ಕಟ್ಟಬೇಕಾಗಿಲ್ಲ. ದುಡ್ಡು ಕೇಳುವ ನಕಲಿ ವೆಬ್‌ಸೈಟುಗಳಿವೆ, ಸರ್ಕಾರದ ವಿಳಾಸವೇ ಹೌದಾ ಅಂತ ನೋಡಿ. ಸ್ಟುಡಿಯೋ ಇಟ್ಟುಕೊಂಡವರೆಲ್ಲ ಮಾಡಿಸಿಕೊಳ್ಳಿ.

ಬೆಂಗಳೂರಿಗೆ ಕ್ಯಾಮೆರಾವನ್ನು ನಾನೇ ಕೊಂಡೊಯ್ದೆ. ಕೊರಿಯರ್ ಮಾಡಿ ಅಂದರು ಗೆಳೆಯರು. ದಾರಿಯಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಯಾರ ಲೆಕ್ಕಕ್ಕೆ? ನಮ್ಮ ಜಿಲ್ಲೆಗೆ ರೈಲು ಇಲ್ಲ. ರಾತ್ರಿ ಬಸ್ಸಲ್ಲಿ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಕೂತೆ. ನಿದ್ದೆ ಬರಲಿಲ್ಲ. ಮುಂದಿನ ವಾರದ ಮದುವೆಗೆ ಲೆನ್ಸ್ ಎಲ್ಲಿಂದ ತರುವುದು ಅನ್ನುವ ಯೋಚನೆ. ಕೊನೆಗೆ ಮೈಸೂರಿನಿಂದ ಬಾಡಿಗೆಗೆ ತಂದೆ, ದಿನಕ್ಕೆ 1,200 ರೂಪಾಯಿ, ಮೇಲೆ ಡಿಪಾಸಿಟ್. ಈ ಬಾಡಿಗೆ ಕ್ಲೇಮಲ್ಲಿ ಸಿಗಲ್ಲ. ಪಾಲಿಸಿ ನೋಡುವುದು ಸಾಮಾನಿಗೆ ಆದ ಹಾನಿಯನ್ನು ಮಾತ್ರ. ಕೆಲಸ ತಪ್ಪಿದ ನಷ್ಟವನ್ನಲ್ಲ.

ಸರ್ವಿಸ್ ಸೆಂಟರಿನ ಅಂದಾಜು ಬಂದಾಗ ಅಸಲಿ ಸಮಸ್ಯೆ ಎದುರಾಯಿತು. ಬಾಡಿಯ ಮೌಂಟ್, ಅದರ ಒಳಗಿನ ಭಾಗ, ಕೂಲಿ ಸೇರಿ 31,400. ಲೆನ್ಸಿನ ಮೌಂಟ್, ಒಳಗಿನ ಒಂದು ಗಾಜಿನ ಗುಂಪು, ಜೋಡಣೆ ಸೇರಿ 42,600. ಅದರ ಕೆಳಗೆ ಇನ್ನೊಂದು ಸಾಲು: ಫಂಗಸ್ ಸ್ವಚ್ಛತೆ 4,500. ಒಟ್ಟು 78,500, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 92,630 ರೂಪಾಯಿ.

ಫಂಗಸ್ ಅಂದರೆ ಕೊಡಗಿನ ಫೋಟೊಗ್ರಾಫರಿಗೆ ಹೊಸದಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ, ಚಪ್ಪಲಿ ಮೇಲೆ ಬೂಷ್ಟು ಬರುತ್ತದೆ. ಹಳೆಯ ಸ್ಟುಡಿಯೋದವರು ಬೀರುವಿನೊಳಗೆ ಬಲ್ಬ್ ಉರಿಸಿ ಕ್ಯಾಮೆರಾ ಇಡುತ್ತಿದ್ದರು. ನಾನು ಡ್ರೈ ಕ್ಯಾಬಿನೆಟ್ ಇಟ್ಟುಕೊಂಡಿದ್ದೇನೆ, ತೇವ 40ರಿಂದ 50 ಪರ್ಸೆಂಟ್ ಒಳಗೆ ಇರುವಂತೆ. ಆದರೂ ಕರೆಂಟ್ ಎರಡು ದಿನ ಇಲ್ಲದಿದ್ದರೆ ಕ್ಯಾಬಿನೆಟ್ ಏನು ಮಾಡುತ್ತದೆ? ಮುಂದಿನ ಗಾಜಿನ ಅಂಚಲ್ಲಿ ಸಣ್ಣ ಚುಕ್ಕೆಗಳು ಬಂದಿದ್ದವು. ಫೋಟೊದಲ್ಲಿ ಅದು ಕಾಣುತ್ತಿರಲಿಲ್ಲ.

ಅಂದಾಜು ಕಳಿಸಿದ ಮೇಲೆ ಮಳೆ ಹಿಡಿಯಿತು. ಕರೆಂಟ್ ಹೋದರೆ ಟವರೂ ಹೋಗುತ್ತದೆ. ಸರ್ವೇಯರ್ ಕಳಿಸಿದ ಪ್ರಶ್ನೆಯ ಇಮೇಲ್ ನನಗೆ ಸಿಕ್ಕಿದ್ದು ಪೇಟೆಗೆ ಬಂದು ಗೆಳೆಯನ ಅಂಗಡಿಯಲ್ಲಿ ಕೂತಾಗ. ದೊಡ್ಡ ಅಟ್ಯಾಚ್‌ಮೆಂಟ್ ಅರ್ಧಕ್ಕೆ ನಿಲ್ಲುತ್ತಿತ್ತು. ನಮ್ಮ ಕಡೆಯವರು ಕ್ಲೇಮ್ ಹಾಕುವಾಗ ಸರ್ವೇಯರಿಗೆ ಮೊದಲೇ ಹೇಳಿಡಿ: ಮಳೆಗಾಲದಲ್ಲಿ ಉತ್ತರ ತಡವಾಗಬಹುದು, ತುರ್ತು ಇದ್ದರೆ ಈ ಇನ್ನೊಂದು ನಂಬರಿಗೆ ಮೆಸೇಜ್ ಹಾಕಿ ಅಂತ. ನಾನು ಮಡಿಕೇರಿಯಲ್ಲಿರುವ ತಂಗಿಯ ನಂಬರ್ ಕೊಟ್ಟಿದ್ದೆ. ಅದರಿಂದ ಒಂದು ಗಡುವು ಉಳಿಯಿತು.

ಜೂನ್ ಕೊನೆಗೆ ರಿಪೇರಿ ಶುರು ಮಾಡಬಹುದು ಅಂತ ಸರ್ವೇಯರ್ ಬರವಣಿಗೆಯಲ್ಲಿ ಕೊಟ್ಟರು. ಅದಿಲ್ಲದೆ ಶುರು ಮಾಡಬೇಡಿ. ಇದು ಆಸ್ಪತ್ರೆಯ ಕ್ಯಾಶ್‌ಲೆಸ್ ಇದ್ದಂತೆ ಅಲ್ಲ. ಬಿಲ್ಲನ್ನು ಮೊದಲು ನಾವೇ ಕಟ್ಟಬೇಕು, ಆಮೇಲೆ ವಾಪಸ್. 92,630 ರೂಪಾಯಿಯನ್ನು ಹೊಂದಿಸಬೇಕಾದದ್ದು ಕಕ್ಕಡದ ಬಾಗಿಲಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಇಲ್ಲಿ ಮದುವೆಗಳಿಲ್ಲ. ಪಾಸ್‌ಪೋರ್ಟ್ ಸೈಜ್ ಫೋಟೊ, ಶಾಲೆಯ ಗುರುತಿನ ಚೀಟಿ, ಇಷ್ಟೇ ಆದಾಯ. ಸೊಸೈಟಿಯಿಂದ ಚಿನ್ನದ ಮೇಲೆ ಸಾಲ ತೆಗೆದೆ. ಹೆಂಡತಿ ಬಳೆ ತೆಗೆದುಕೊಟ್ಟಾಗ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಸರ್ವಿಸ್ ಸೆಂಟರಿಗೆ ಹೇಳಲೇಬೇಕಾದ ಒಂದು ಮಾತಿದೆ. ಬದಲಿಸಿದ ಹಳೆಯ ಭಾಗಗಳನ್ನು ಎಸೆಯಬೇಡಿ, ನನಗೆ ವಾಪಸ್ ಕೊಡಿ ಅಂತ. ರಿಪೇರಿ ಆದ ಮೇಲೆ ಸರ್ವೇಯರ್ ಮತ್ತೆ ನೋಡಲು ಕೇಳಬಹುದು. ನನ್ನ ಬಳಿ ಕೇಳಿದರು. ಬಾಗಿದ ಮೌಂಟ್ ಉಂಗುರವನ್ನು ಮೇಜಿನ ಮೇಲಿಟ್ಟರೆ ಒಂದು ಬದಿ ಎದ್ದು ನಿಲ್ಲುತ್ತಿತ್ತು. ಅದು ಬೂಷ್ಟಿನಿಂದ ಆಗುವ ಕೆಲಸ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಆದರೂ ಜುಲೈಯಲ್ಲಿ ಕಂಪನಿಯಿಂದ ಪತ್ರ ಬಂತು. ಬಾಡಿಯ ಕ್ಲೇಮ್ ಒಪ್ಪಿದ್ದೇವೆ. ಲೆನ್ಸಿನಲ್ಲಿ ಫಂಗಸ್ ಇರುವುದರಿಂದ ಹಾನಿ ಕ್ರಮೇಣ ಆದದ್ದು, ಸವೆತ ಮತ್ತು ಕ್ರಮೇಣ ಹಾಳಾಗುವಿಕೆ ಪಾಲಿಸಿಯಲ್ಲಿ ಸೇರಿಲ್ಲ, ಆದ್ದರಿಂದ ಲೆನ್ಸಿನ ಕ್ಲೇಮ್ ತಿರಸ್ಕರಿಸಿದೆ. ಅಷ್ಟೇ. ಆ ಪತ್ರ ಓದಿದ ರಾತ್ರಿ ನನಗೆ ಸಿಟ್ಟಿಗಿಂತ ಜಾಸ್ತಿ ಸುಸ್ತಾಗಿತ್ತು. ಸಾಕು, ಬಂದಷ್ಟು ತಗೊಳ್ಳೋಣ ಅನ್ನಿಸಿತ್ತು. ಬಿಡಬೇಡಿ ಅಂದದ್ದು ಮದುವೆ ಮನೆಯ ಆ ಹಿರಿಯರೇ. ವಿಷಯ ಅವರ ಕಿವಿಗೆ ಹೇಗೋ ಬಿದ್ದಿತ್ತು. "ನಾನು ಜಾರಿ ನಿನ್ನ ಮೇಲೆ ಬಿದ್ದದ್ದು ಅಂತ ಬರೆದು ಸಹಿ ಹಾಕಿ ಕೊಡ್ತೀನಿ ಮಗಾ" ಅಂದರು. ಕೊಟ್ಟರು ಕೂಡ.

ಪಾಲಿಸಿಯಲ್ಲಿ ಫಂಗಸ್ ಸೇರಿಲ್ಲ, ಅದು ಸರಿ. ನಾನು ಫಂಗಸ್‌ಗೆ ಹಣ ಕೇಳಿಲ್ಲ. ಇದೇ ನನ್ನ ಉತ್ತರದ ತಿರುಳು. ಕಂಪನಿಯ ದೂರು ಅಧಿಕಾರಿಗೆ ಬರೆದೆ. ಅಂದಾಜಿನಲ್ಲಿ ಫಂಗಸ್ ಸ್ವಚ್ಛತೆ ಬೇರೆ ಸಾಲಲ್ಲಿದೆ, ಆ 4,500 ಮತ್ತು ಅದರ ತೆರಿಗೆ ಬಿಟ್ಟುಬಿಡಿ. ಉಳಿದದ್ದು ಪೆಟ್ಟಿನ ಹಾನಿ. ಪತ್ರದ ಜೊತೆ ಇಟ್ಟದ್ದು: ಬಾಗಿದ ಉಂಗುರದ ಫೋಟೊ, ಬೀಳುವ ಹಿಂದಿನ ಫ್ರೇಮ್, ಸರ್ವಿಸ್ ಸೆಂಟರಿನವರು ಬರೆದುಕೊಟ್ಟ ಎರಡು ಸಾಲು (ಮೌಂಟ್ ಬಾಗಿದ್ದು ಹೊರಗಿನ ಪೆಟ್ಟಿನಿಂದ, ಫಂಗಸ್‌ಗೂ ಅದಕ್ಕೂ ಸಂಬಂಧವಿಲ್ಲ), ಡ್ರೈ ಕ್ಯಾಬಿನೆಟ್ ಬಿಲ್, ಹಿಂದಿನ ವರ್ಷ ಲೆನ್ಸ್ ಸ್ವಚ್ಛ ಮಾಡಿಸಿದ ರಸೀದಿ, ಹಿರಿಯರ ಪತ್ರ. ಕೊನೆಗೆ, ಮೇ ತಿಂಗಳ ಮೊದಲ ಇಮೇಲಿನ ತಾರೀಕಿನಿಂದ ಶುರು ಮಾಡಿ ಯಾವತ್ತು ಏನು ಕೊಟ್ಟೆ ಅನ್ನುವ ಪಟ್ಟಿ.

ನಮ್ಮಂಥ ತೇವದ ಊರಲ್ಲಿ ಇದನ್ನು ಮರೆಯಬೇಡಿ. ಅಂದಾಜು ಮಾಡಿಸುವಾಗಲೇ ಪೆಟ್ಟಿನ ಕೆಲಸ ಬೇರೆ, ಫಂಗಸ್ ಅಥವಾ ತುಕ್ಕಿನ ಕೆಲಸ ಬೇರೆ ಅಂತ ಸಾಲು ಸಾಲಾಗಿ ಬರೆಸಿ. 'ಲೆನ್ಸ್ ಓವರ್‌ಹಾಲ್, ಇಷ್ಟು ರೂಪಾಯಿ' ಅಂತ ಒಟ್ಟಾಗಿ ಬಂದಿದ್ದರೆ ನನಗೆ ವಾದಿಸಲು ಹಿಡಿಯೇ ಇರುತ್ತಿರಲಿಲ್ಲ.

ಎರಡು ವಾರವಾದರೂ ಉತ್ತರ ಇಲ್ಲ. ಆಗ ಐಆರ್‌ಡಿಎಐಯ 'ಬಿಮಾ ಭರೋಸಾ' ಪೋರ್ಟಲಲ್ಲಿ ದೂರು ಹಾಕಿದೆ. 155255 ನಂಬರಿಗೆ ಫೋನ್ ಮಾಡಿಯೂ ಹಾಕಬಹುದು. ಹಣ ಏನೂ ಇಲ್ಲ. ದೂರಿಗೆ ಒಂದು ಟೋಕನ್ ನಂಬರ್ ಸಿಗುತ್ತದೆ. ಅಲ್ಲಿಗೆ ಹಾಕಿದ ಮೇಲೆ ಕಂಪನಿಯ ಧಾಟಿ ಬದಲಾಯಿತು. ಅಲ್ಲಿಯ ತನಕ ಬರೀ ನಂಬರಾಗಿದ್ದ ಫೈಲಿಗೆ ಒಬ್ಬ ಅಧಿಕಾರಿಯ ಹೆಸರು, ನೇರ ಫೋನ್ ಸಿಕ್ಕಿತು. ಇಲ್ಲೂ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ, ಇದ್ದಾರೆ. ಕಂಪನಿಗೆ ಬರೆದು ಒಂದು ತಿಂಗಳು ಕಾಯಬೇಕು, ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ಒಬ್ಬನೇ ಮಾಲೀಕನ ಸಂಸ್ಥೆ, ಅತಿ ಸಣ್ಣ ಉದ್ಯಮದವರ ದೂರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ಉದ್ಯಮ್ ಕಾಗದ ಮತ್ತೆ ಬೇಕಾಗುವುದು ಇಲ್ಲೇ. ಇನ್ನೊಂದು ದಾರಿ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ. ನನಗೆ ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ.

ಆಗಸ್ಟಲ್ಲಿ ಲೆನ್ಸನ್ನೂ ಒಪ್ಪಿದರು. ಬಂದದ್ದು 75,791 ರೂಪಾಯಿ. ಕಟ್ಟಿದ್ದು 92,630. ನಡುವೆ 16,839 ಎಲ್ಲಿ ಹೋಯಿತು ಅಂತ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನಿಮಗೂ ಹೀಗೇ ಕಡಿತ ಬರುತ್ತದೆ, ಮೊದಲೇ ಗೊತ್ತಿದ್ದರೆ ಮನಸ್ಸು ಕುಸಿಯಲ್ಲ.

ಫಂಗಸ್ ಸಾಲು ತೆರಿಗೆ ಸೇರಿ 5,310 ಹೋಯಿತು. ಆಮೇಲೆ ಲೆನ್ಸಿನ ಬೆಲೆಯ ಲೆಕ್ಕ. ಪಾಲಿಸಿಯಲ್ಲಿ ಲೆನ್ಸಿಗೆ ಬರೆದದ್ದು 1,70,000, ಮಾಡಿಸಿದಾಗ ಅಂಗಡಿ ಬೆಲೆ ಅದೇ. ಬಿದ್ದ ಹೊತ್ತಿಗೆ ಹೊಸದರ ಬೆಲೆ 2,00,000 ಆಗಿತ್ತು. ಪೂರ್ತಿ ಬೆಲೆಗೆ ವಿಮೆ ಇಲ್ಲದಿದ್ದರೆ ಎಷ್ಟು ಪಾಲಿಗೆ ಇದೆಯೋ ಅಷ್ಟೇ ಪಾಲು ಕೊಡುತ್ತಾರೆ. ರಿಪೇರಿಗೂ ಇದೇ ನಿಯಮ. ಹಾಗಾಗಿ ಲೆನ್ಸಿನ ರಿಪೇರಿಯಲ್ಲಿ 85 ಪರ್ಸೆಂಟ್ ಮಾತ್ರ. ತೆರಿಗೆ ಸೇರಿ 50,268ಕ್ಕೆ 42,728 ಆಯಿತು. ಬಾಡಿಯ 37,052 ಪೂರ್ತಿ ಒಪ್ಪಿದರು. ಎರಡನ್ನೂ ಕೂಡಿಸಿ, ನನ್ನ ಪಾಲಿಸಿಯ ಷರತ್ತಿನಂತೆ 5 ಪರ್ಸೆಂಟ್ ನನ್ನ ಪಾಲು ಕಳೆದರು. ಅದು 3,989.

ಜಿಎಸ್‌ಟಿ ವಿಷಯ ಕೂಡ ಗಮನಿಸಿ. ನನ್ನ ವಹಿವಾಟು ವರ್ಷಕ್ಕೆ 20 ಲಕ್ಷದ ಕೆಳಗೆ, ನೋಂದಣಿ ಇಲ್ಲ. ಅದನ್ನು ಬರೆದು ಸಹಿ ಹಾಕಿ ಕೊಟ್ಟಿದ್ದರಿಂದ ಬಿಲ್ಲಿನ ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ನೋಂದಣಿ ಇರುವವರು ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಪಡೆಯಬಹುದಾದ್ದರಿಂದ, ಕಂಪನಿ ಅದನ್ನು ಕಳೆದೇ ಕೊಡುತ್ತದೆ.

ಹಣ ಬಂದ ದಿನವೇ ಬಳೆ ಬಿಡಿಸಿ ತಂದೆ. ಲೆನ್ಸ್ ಈಗ ಚೆನ್ನಾಗಿದೆ. ಮೊದಲಿನಷ್ಟೇ ಚೂಪು.

ಕಳ್ಳತನದ ದಾರಿ ಬೇರೆ. ಅದಕ್ಕೆ ಪೊಲೀಸ್ ಎಫ್‌ಐಆರ್ ಬೇಕೇ ಬೇಕು. ಕೊನೆಗೆ ಸಾಮಾನು ಪತ್ತೆಯಾಗಲಿಲ್ಲ ಅನ್ನುವ ವರದಿಯನ್ನೂ ಕೇಳುತ್ತಾರೆ. ಯಾರೂ ಇಲ್ಲದ ಗಾಡಿಯಲ್ಲಿ ಬಿಟ್ಟು ಹೋದ ಸಾಮಾನಿಗೆ ಹಲವು ಪಾಲಿಸಿಗಳು ಹಣ ಕೊಡಲ್ಲ. ಮದುವೆ ನಡೆಯುವ ಕೊಡವ ಸಮಾಜದ ಕಟ್ಟಡದ ಹೊರಗೆ ಜೀಪಲ್ಲಿ ಬ್ಯಾಗ್ ಇಟ್ಟು ಊಟಕ್ಕೆ ಹೋಗುವ ಹುಡುಗರಿಗೆ ಇದನ್ನು ಹೇಳಿ. ಬಾಡಿಗೆಗೆ ತಂದ ಲೆನ್ಸ್ ನಿಮ್ಮ ಪಾಲಿಸಿಯ ಪಟ್ಟಿಯಲ್ಲಿ ಇರುವುದಿಲ್ಲ, ಬಿದ್ದರೆ ಡಿಪಾಸಿಟ್ ಹೋದಂತೆಯೇ. ತರುವ ಮೊದಲು ಅಂಗಡಿಯವರ ಹತ್ತಿರ ವಿಮೆ ಇದೆಯಾ ಕೇಳಿ.

ಹುತ್ತರಿ (ಸುಗ್ಗಿ ಹಬ್ಬ) ಕಳೆದು ಡಿಸೆಂಬರಿನ ಮದುವೆಗಳು ಶುರುವಾಗುವ ಮೊದಲು ನನ್ನ ಪಾಲಿಸಿ ನವೀಕರಣ ಇದೆ. ಈ ಸಲ ಪ್ರತಿ ಸಾಮಾನಿಗೂ ಇವತ್ತಿನ ಅಂಗಡಿ ಬೆಲೆ ಬರೆಸಿ ಎಂದು ಏಜೆಂಟರಿಗೆ ಪಟ್ಟಿ ಕೊಟ್ಟಿದ್ದೇನೆ. ವರ್ಷದ ನಡುವೆ ಬೆಲೆ ಏರಿದರೂ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ತಿದ್ದುಪಡಿ) ಮಾಡಿಸಿ ಮೊತ್ತ ಹೆಚ್ಚಿಸಬಹುದು, ವ್ಯತ್ಯಾಸದ ಪ್ರೀಮಿಯಂ ಕಟ್ಟಿದರೆ ಸಾಕು. ಎರಡನೇ ಬಾಡಿ, ಫ್ಲಾಶುಗಳು, ವಿಡಿಯೋ ಹುಡುಗನ ಗಿಂಬಲ್ ಎಲ್ಲದರ ಸೀರಿಯಲ್ ನಂಬರ್ ಈಗ ಅದೇ ಪಟ್ಟಿಯಲ್ಲಿದೆ. ಒಂದು ಪ್ರತಿ ಸ್ಟುಡಿಯೋದಲ್ಲಿ, ಒಂದು ತಂಗಿಯ ಮನೆಯಲ್ಲಿ, ಒಂದು ಇಮೇಲಲ್ಲಿ.